ಮರಕ್ಕೆ ಸೀರೆ ಉಡಿಸಿದ ದಿನ

ತೆಂಗಿನಮರ ಬೀಳುವ ಸದ್ದು ನಾನು ಅಂದುಕೊಂಡಿದ್ದಷ್ಟು ದೊಡ್ಡದಲ್ಲ. ಅಟ್ಟದ ಮೇಲಿಂದ ಯಾರೋ ಹಾಸಿಗೆ ಸುರುಳಿಯನ್ನು ಕೆಳಕ್ಕೆ ಎಸೆದ ಹಾಗೆ, ಅಷ್ಟೆ. ಒಂದು ಧಪ್, ಆಮೇಲೆ ಗರಿಗಳು ಸರಸರ ಎಂದು ಸ್ವಲ್ಪ ಹೊತ್ತು ಆಡಿ ಸುಮ್ಮನಾಗುತ್ತವೆ. ಈಗಲೂ ಪಕ್ಕದ ಮನೆಯವರು ಮಹಡಿಯಲ್ಲಿ ಏನಾದರೂ ಕೆಡವಿದರೆ ನನ್ನ ಕೈಯಲ್ಲಿರುವ ಲೋಟ ಅಲ್ಲೇ ನಿಂತುಬಿಡುತ್ತದೆ. ನಮ್ಮ ಮನೆಯವರು ಎಲ್ಲಿದ್ದಾರೆ ಎಂದು ಕಣ್ಣು ಹುಡುಕುತ್ತದೆ. ಅವರು ಸಾಮಾನ್ಯವಾಗಿ ಟೀವಿ ಮುಂದೆಯೇ ಇರುತ್ತಾರೆ.

ಆ ಮರದ ವಿಷಯ ಹೇಳಬೇಕಾದರೆ ಮೊದಲು ನಮ್ಮ ಗಾಡಿಯ ವಿಷಯ ಹೇಳಬೇಕು. ನಮ್ಮದು ತಿಪಟೂರಿನಲ್ಲಿ ಒಂದೇ ಒಂದು ಕ್ಯಾಂಟರ್ ಲಾರಿಯ ವ್ಯವಹಾರ. ಓಡಿಸುವವರು ನಮ್ಮ ಮನೆಯವರು. ಫೋನ್ ಎತ್ತುವುದು, ಬಾಡಿಗೆ ಮಾತಾಡುವುದು, ಬಂದವರಿಗೆ ಕಾಫಿ ಕೊಡುವುದು, ಅವರಿನ್ನೂ ಸ್ನಾನದ ಮನೆಯಲ್ಲಿರುವಾಗಲೇ ‘ಆಗಲೇ ಕಿಬ್ಬನಹಳ್ಳಿ ದಾಟಿರಬೇಕು’ ಎಂದು ಹೇಳುವುದು ನನ್ನ ಪಾಲು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಿಲ್ಲವೇ ಎಂದು ನೆಂಟರು ಕೇಳುತ್ತಿದ್ದರು. ಸಿಕ್ಕಿತ್ತು. ಒಂದು ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡಿದೆ. ಅಲ್ಲಿ ಇಷ್ಟು ನಗು ಇರಲಿಲ್ಲ.

ಹಳ್ಳಿಗಳಿಂದ ಕೊಬ್ಬರಿ ಮೂಟೆಗಳನ್ನು ಎಪಿಎಂಸಿಗೆ ತರುವುದು, ಕಾಯಿ ಸಿಪ್ಪೆಯನ್ನು ನಾರಿನ ಫ್ಯಾಕ್ಟರಿಗೆ ಹಾಕುವುದು, ನಡುವೆ ಇಟ್ಟಿಗೆ, ಮರಳು, ಮದುವೆ ಮನೆಯ ಪಾತ್ರೆ. ಹೀಗೆ ನಡೆದಿತ್ತು ನಮ್ಮ ಗಾಡಿ. ಆಮೇಲೆ ಕೊಬ್ಬರಿ ರೇಟು ಬಿತ್ತು.

ರೇಟು ಬಿದ್ದರೆ ನಮ್ಮ ಕಡೆಯ ಜನ ಅಳುವುದಿಲ್ಲ, ಅಟ್ಟದ ಬಾಗಿಲು ಹಾಕಿಕೊಳ್ಳುತ್ತಾರೆ. ಉಂಡೆ ಕೊಬ್ಬರಿ ಆಗುವುದಕ್ಕೆ ಕಾಯಿ ಹೇಗಿದ್ದರೂ ವರ್ಷದ ಹತ್ತಿರ ಅಟ್ಟದಲ್ಲಿ ಕೂತಿರಬೇಕು. ವರ್ಷ ಕಾದವರಿಗೆ ಇನ್ನಷ್ಟು ಕಾಯುವುದು ಕಷ್ಟವಲ್ಲ. ಹೊಸ ಕಾಯಿಯನ್ನು ಹಳೆಯದರ ಪಕ್ಕಕ್ಕೆ ಸುರಿದು, ಏಣಿ ಇಳಿದು, ಕೈ ತೊಳೆದುಕೊಂಡು ಉಣ್ಣಲು ಕೂರುತ್ತಾರೆ. ಕಾಯಿ ಅಟ್ಟದಲ್ಲಿ ಕೂರಬಹುದು. ಕ್ಯಾಂಟರನ್ನು ಅಟ್ಟಕ್ಕೆ ಹಾಕಲು ಆಗುವುದಿಲ್ಲವಲ್ಲ. ಕೊಬ್ಬರಿ ಇಳಿಯದ್ದರಿಂದ ನಮಗೆ ಲೋಡ್ ಇಲ್ಲ, ಜನರ ಕೈಯಲ್ಲಿ ಕಾಸು ಆಡದ್ದರಿಂದ ಕಟ್ಟಡಗಳು ನಿಂತು ಇಟ್ಟಿಗೆ ಮರಳೂ ಇಲ್ಲ. ಗಾಡಿ ಮನೆ ಮುಂದೆ ನಿಂತೇ ಇತ್ತು. ಅದರ ನೆರಳಿನಲ್ಲಿ ಬೀದಿಯ ಹೆಂಗಸರು ಹಪ್ಪಳ ಒಣಗಿದೆಯೇ ಎಂದು ಕಾಯುತ್ತ ಕೂರುವ ಹಾಗಾಯಿತು.

ಗಾಡಿ ಉಳಿಸಿಕೊಳ್ಳುವುದು ಹೇಗೆ ಎನ್ನುವುದೊಂದೇ ಆಗ ನಮ್ಮ ಮನೆಯ ಮಾತು. ತುರುವೇಕೆರೆಯವರೊಬ್ಬರು ಅದನ್ನು ಕೊಳ್ಳಲು ಕಾದಿದ್ದರು. ಒಳ್ಳೆಯ ಮನುಷ್ಯ. ಅವಸರವಿಲ್ಲ, ಕೊಡುವ ಮನಸ್ಸಾದಾಗ ಹೇಳಿ ಎನ್ನುತ್ತಿದ್ದರು. ಆದರೆ ಹಬ್ಬಕ್ಕೊಮ್ಮೆ ತಪ್ಪದೆ ಫೋನ್ ಮಾಡಿ, ಶುಭಾಶಯ ಹೇಳಿ, ಗಾಡಿ ಹೇಗಿದೆ ಎಂದು ಮನೆಯ ಮಗುವನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ಗಾಡಿ ಹೋದರೆ ನಮ್ಮ ಮನೆಯವರು ಇನ್ನೊಬ್ಬರ ಲಾರಿಗೆ ಡ್ರೈವರಾಗಿ ಊರೂರು ಸುತ್ತಬೇಕಿತ್ತು. ಅದನ್ನು ಅವರೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಕೈತೋಟದ ಕೆಲಸ ಶುರುವಾದದ್ದು ನನ್ನ ಬಾಯಿಯಿಂದ. ಕಿಬ್ಬನಹಳ್ಳಿ ಹತ್ತಿರ ಹೊಸ ಮನೆಯೊಂದಕ್ಕೆ ನಮ್ಮ ಗಾಡಿಯಲ್ಲಿ ಕೆಂಪು ಮಣ್ಣು ಹೊಡೆಸಿದ್ದರು. ಮಣ್ಣು ಸುರಿದ ಮೇಲೆ ಆ ಯಜಮಾನರು, ಇದನ್ನು ಹರಡಿ ಹುಲ್ಲು ಹಾಕುವವರು ಯಾರಾದರೂ ಗೊತ್ತೇ ಎಂದು ಫೋನಿನಲ್ಲಿ ಕೇಳಿದರು. ನಾವೇ ಮಾಡುತ್ತೇವೆ ಎಂದುಬಿಟ್ಟೆ. ನಮ್ಮ ಮನೆಯವರು ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದರು. ಕೈ ಅಲ್ಲೇ ನಿಂತಿತು.

“ಹುಲ್ಲು ಕಿತ್ತು ಕಿತ್ತು ಬೆನ್ನು ಬಗ್ಗಿಸ್ಕಂಡ ವಂಶ ಕಣೇ ನಮ್ದು,” ಎಂದರು. “ಈಗ ಹುಲ್ಲು ನೆಡಕ್ಕೆ ಹೋಗನಾ?”

ಹೋದೆವು. ನರ್ಸರಿಯಿಂದ ಹುಲ್ಲುಹಾಸನ್ನು ಚಾಪೆಯಂತೆ ಸುತ್ತಿಕೊಂಡು ತಂದು ಹಾಸಿದೆವು. ಬೇಲಿಗುಂಟ ಕ್ರೋಟನ್, ಗೇಟಿನ ಬಳಿ ದಾಸವಾಳ. ಆಮೇಲೆ ಪೆಟ್ರೋಲ್ ಬಂಕಿನ ಮೂಲೆಗೆ ಒಂದು, ಚಿಕ್ಕನಾಯಕನಹಳ್ಳಿಯಲ್ಲಿ ಒಂದು. ಚಿಕ್ಕನಾಯಕನಹಳ್ಳಿಯ ಮನೆಯಲ್ಲಿ ಒಂದು ವಾರ ಬಿಟ್ಟು ನೋಡಲು ಹೋದರೆ ಹುಲ್ಲುಹಾಸಿನ ನಡುವೆ ಗೂಟ, ಗೂಟಕ್ಕೆ ಹಸು. ಮನೆಯ ಹಿರಿಯರು ಜಗಲಿಯಲ್ಲಿ ಕೂತು, ಹುಲ್ಲು ಚೆನ್ನಾಗಿದೆ, ಹಾಲು ಸ್ವಲ್ಪ ಹೆಚ್ಚಾಗಿದೆ ಎಂದು ನಮ್ಮನ್ನು ಹೊಗಳಿದರು. ಅವರ ಮಗ ಮುಖ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ವಾಪಸು ಬರುವಾಗ ನಮ್ಮ ಮನೆಯವರು ಹುಳಿಯಾರು ರಸ್ತೆಯುದ್ದಕ್ಕೂ ನಕ್ಕರು. ಲೋಡ್ ಇಲ್ಲದ ದಿನಗಳಲ್ಲಿ ಅವರು ಅಷ್ಟು ನಕ್ಕದ್ದು ಆವತ್ತೇ.

ಮರ ಸಾಗಿಸುವ ಯೋಚನೆ ಹುಟ್ಟಿದ್ದು ಇಂಥ ಓಡಾಟದಲ್ಲೇ. ನಮ್ಮಲ್ಲಿ ಫಲ ಬಿಡುವ ತೆಂಗಿನಮರವನ್ನು ಯಾರೂ ಕಡಿಯುವುದಿಲ್ಲ. ಮನೆ ಕಟ್ಟುವಾಗ ಮರ ಅಡ್ಡ ಬಂದರೆ ಗೋಡೆ ಬಗ್ಗುತ್ತದೆ, ಮರ ಬಗ್ಗುವುದಿಲ್ಲ. ಶೀಟಿನ ಮಾಡಿಗೆ ತೂತು ಕೊರೆದು ಮರವನ್ನು ಮೇಲಕ್ಕೆ ಬಿಟ್ಟಿರುವ ಅಂಗಡಿಗಳಿವೆ. ಅಡುಗೆಮನೆಯ ನಡುವೆಯೇ ಕಾಂಡ ಇರುವ ಒಂದು ಮನೆಯಲ್ಲಿ ನಾನೇ ಊಟ ಮಾಡಿದ್ದೇನೆ. ಸೌಟುಗಳನ್ನು ಅದಕ್ಕೇ ನೇತುಹಾಕಿದ್ದರು. ಹೀಗೆ ಒಂದು ಕಡೆ ಬೇಡದ ಮರವಿದ್ದರೆ, ಇನ್ನೊಂದು ಕಡೆ ಹೊಸ ಕಲ್ಯಾಣ ಮಂಟಪದವರಿಗೆ, ಬಯಲು ಲೇಔಟಿನವರಿಗೆ ಮರ ಇವತ್ತೇ ಬೇಕು, ಸಸಿ ನೆಟ್ಟು ಕಾಯುವ ತಾಳ್ಮೆಯಿಲ್ಲ. ನಡುವೆ ನಮ್ಮ ಕ್ಯಾಂಟರ್ ಸುಮ್ಮನೆ ನಿಂತಿತ್ತು. ಅದರ ಹಿಂದೆ ‘ಕಡಿಯಬೇಡಿ, ಸಾಗಿಸಿ ಕೊಡುತ್ತೇವೆ’ ಎಂದು ಬರೆಸಿದೆವು.

ಕೆಲಸ ಹೇಳಲು ಸುಲಭ. ಮರದ ಸುತ್ತ ಗುಂಡಿ ತೋಡಿ ಬೇರನ್ನು ಮಣ್ಣಿನ ಉಂಡೆಯ ಸಮೇತ ಬಿಡಿಸಿ, ಗೋಣಿತಾಟು ಸುತ್ತಬೇಕು. ಹಳೆಯ ಗರಿ ತೆಗೆದು, ಉಳಿದದ್ದನ್ನು ಜಡೆಯಂತೆ ಮೇಲಕ್ಕೆ ಕಟ್ಟಬೇಕು. ಕಾಂಡಕ್ಕೆ ಬೆಲ್ಟು ಬಿಗಿದು ಕ್ರೇನಿನಲ್ಲಿ ಎತ್ತಿ, ಗಾಡಿಯ ಮೇಲೆ ಮಲಗಿಸಬೇಕು. ಗುಂಡಿ ತೋಡಲು ಆಯಾ ಊರಿನ ಆಳುಗಳು, ಕ್ರೇನಿಗೆ ಚಿಕ್ಕನಾಯಕನಹಳ್ಳಿಯ ಒಬ್ಬ ಆಪರೇಟರು. ನಮ್ಮ ಮನೆಯವರನ್ನು ಅಣ್ಣ ಎಂದೂ ನನ್ನನ್ನು ಅಕ್ಕ ಎಂದೂ ಕರೆಯುತ್ತಿದ್ದ. ಮೊದಲ ಕೆಲವು ಮರಗಳು ಸಲೀಸಾಗಿ ಹೋದವು. ಗಾಡಿ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳತೊಡಗಿದ್ದೆ.

ಹಾಲ್ಕುರಿಕೆ ಕಡೆಯ ಆ ಮರ ಇದ್ದದ್ದು ಒಂದು ತುಂಬಿದ ಮನೆಯ ಹಿತ್ತಿಲಲ್ಲಿ. ಕೊಟ್ಟಿಗೆ ದೊಡ್ಡದು ಮಾಡಲು ಅದು ಅಡ್ಡವಿತ್ತು. ಮನೆಯಲ್ಲಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಇದ್ದರು. ಮಾತು ಮಾತ್ರ ಅಜ್ಜಿಯದು. ಕಿರಿಯ ಮಗಳನ್ನು ಮದುವೆ ಮಾಡಿ ಕಳಿಸಿದ ವಾರ ಮನೆ ಬಿಕೋ ಎನ್ನುತ್ತಿತ್ತೆಂದು ಆ ಮರವನ್ನು ಅಜ್ಜಿಯೇ ನೆಟ್ಟಿದ್ದಂತೆ. ಕಲ್ಯಾಣ ಮಂಟಪಕ್ಕೆ ಹೋಗುತ್ತದೆ ಎಂದು ಕೇಳಿದ ಮೇಲೆಯೇ ಒಪ್ಪಿದ್ದು. ಶುಭ ನಡೆಯುವ ಜಾಗ, ಅಲ್ಲಿಗಾದರೆ ಹೋಗಲಿ ಎಂದಿದ್ದರು.

ನಾವು ಬೆಳಗ್ಗೆ ಹೋಗುವ ಹೊತ್ತಿಗೆ ಗುಂಡಿ ತೋಡಿ ಮುಗಿದು, ಮರ ಗೋಣಿತಾಟು ಸುತ್ತಿಕೊಂಡು ನಿಂತಿತ್ತು. ಅಜ್ಜಿ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಬಳೆ, ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ಕೊಬ್ಬರಿ ಬಟ್ಟಲು ಹಿಡಿದು ಬಂದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೊಡುವ ಮಡಿಲಕ್ಕಿಯೇ ಅದು. ನಮ್ಮ ಮನೆಯವರಿಗೆ ಸುಮ್ಮನಿರಲು ಆಗಲಿಲ್ಲ. ತೆಂಗಿನಮರಕ್ಕೇ ಕೊಬ್ಬರಿ ಕೊಡುತ್ತೀರಲ್ಲಜ್ಜಿ ಎಂದು ಕೇಳಿದರು.

ಅಜ್ಜಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ನಿನ್ ಹೆಂಡ್ತಿ ಬರಾಗ ಅವರವ್ವ ಮಡ್ಲಿಗೆ ಅಕ್ಕಿ ಹಾಕಿದ್ದು, ನಿಮ್ಮನೇಲಿ ಅಕ್ಕಿ ಇರ್ಲಿಲ್ಲ ಅಂತಲೇನ್ಲಾ?”

ಸೊಸೆಯರು ಸೆರಗಿನಲ್ಲಿ ನಕ್ಕರು. ನಮ್ಮ ಮನೆಯವರು ಕ್ಯಾಂಟರಿನ ಹಗ್ಗ ನೋಡುವ ನೆಪದಲ್ಲಿ ಆಚೆ ಹೋದರು.

ಆಮೇಲೆ ಅಜ್ಜಿ ಒಳಗಿಂದ ಒಂದು ಸೀರೆ ತರಿಸಿದರು. ಯಾರದೋ ಮದುವೆಯಲ್ಲಿ ಬಂದ ಉಡುಗೊರೆ, ಕವರ್ ಕೂಡ ಬಿಚ್ಚಿರಲಿಲ್ಲ. ಆಕಾಶ ಬಣ್ಣದ ನೈಲಾನ್ ಸೀರೆ. ಮುಟ್ಟಿದರೆ ಬೆರಳು ಜಾರುವಂಥದ್ದು. ಇಬ್ಬರು ಸೊಸೆಯರು ಗುಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಿಂತು ಅದನ್ನು ಕಾಂಡಕ್ಕೆ ನಿರಿಗೆ ಹಿಡಿದು ಉಡಿಸಿದರು. ಅಂಚು ಹೊರಗೆ ಬರಬೇಕು ಎಂದು ಅಜ್ಜಿ ಒಮ್ಮೆ ಬಿಚ್ಚಿಸಿ ಮತ್ತೆ ಉಡಿಸಿದರು. ನಡುವಿಗೆ ರವಿಕೆ ಕಣದ ಬಟ್ಟೆಯಲ್ಲಿ ಮಡಿಲಕ್ಕಿ ಕಟ್ಟಿದರು. ಮರ ಚೆನ್ನಾಗಿಯೇ ಕಾಣುತ್ತಿತ್ತು. ಸ್ವಲ್ಪ ಎತ್ತರದ, ಸ್ವಲ್ಪ ತಲೆ ಕೆದರಿದ ಮದುಮಗಳಂತೆ. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ.

ಆಪರೇಟರು ಬೆಲ್ಟು ಹಿಡಿದು ಬಂದು ನಿಂತ. ಬೆಲ್ಟು ಕೂರಬೇಕಾದ ಜಾಗ ಸರಿಯಾಗಿ ಸೀರೆಯ ಮೇಲೆ. ಏನು ಮಾಡಲಿ ಎಂದು ನಮ್ಮ ಕಡೆ ನೋಡಿದ.

“ಉಡ್ಸಿದ ಸೀರೆ ಬಿಚ್ಚಿ ಮಗಳನ್ನ ಕಳಿಸ್ತಾರೇನಪ್ಪ?” ಎಂದರು ಅಜ್ಜಿ.

ಬೇರೆ ಜಿಲ್ಲೆಯವನಾಗಿದ್ದರೆ ಆಪರೇಟರು ನಕ್ಕು ಬಿಚ್ಚಿ ಬಿಸಾಡುತ್ತಿದ್ದನೇನೋ. ಅವನ ಮನೆಯಲ್ಲೂ ಅಜ್ಜಿಯರಿದ್ದರು. ಸೀರೆಯ ಅಂಚನ್ನು ಕಣ್ಣಿಗೊತ್ತಿಕೊಂಡು ಅದರ ಮೇಲೇ ಬೆಲ್ಟು ಹಾಕಿದ. ಒಂದು ಸುತ್ತು ಜಾಸ್ತಿ ಹಾಕು ಎಂದರು ನಮ್ಮ ಮನೆಯವರು. ಹಾಕಿದ. ಎಲ್ಲರಿಗೂ ಸಮಾಧಾನವಾಯಿತು.

ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ನಿಧಾನವಾಗಿ ನಡೆಯುತ್ತದೆ. ನಿಜದಲ್ಲಿ ಅಷ್ಟು ನಿಧಾನ ಇರಲಾರದು.

ಕ್ರೇನ್ ಎತ್ತಿತು. ಬೇರುಗಳು ಚಟಚಟ ಹರಿದವು. ಮಣ್ಣಿನ ಉಂಡೆ ಗುಂಡಿಯಿಂದ ಮೇಲೆ ಬಂದು, ಅಂಚು ದಾಟಿ, ಕ್ಯಾಂಟರಿನ ಕಡೆ ತಿರುಗತೊಡಗಿತು. ಉಂಡೆ ಓಲಾಡದಂತೆ ಅದಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ನಮ್ಮ ಮನೆಯವರು ಖಾಲಿ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ನಾನು ಕ್ಯಾಂಟರಿನ ಹಿಂಭಾಗದಲ್ಲಿದ್ದೆ. ಆಗ ಸೀರೆಯ ನಿರಿಗೆಗಳು ಒಂದರ ಮೇಲೊಂದು ಮಡಚಿಕೊಳ್ಳುವುದು ಕಂಡಿತು. ಗಾಳಿಗೆ ಎಂದುಕೊಂಡೆ. ಗಾಳಿ ಇರಲಿಲ್ಲ. ಬೆಲ್ಟಿನ ಹಿಡಿತದಲ್ಲಿ ಸೀರೆ ಇತ್ತು, ಸೀರೆಯ ಹಿಡಿತದಲ್ಲಿ ಮರ ಇರಲಿಲ್ಲ. ಸೀರೆ ಅಲ್ಲೇ ನಿಂತು ಮರ ಅದರೊಳಗಿಂದ ಕೆಳಗೆ ಇಳಿಯುತ್ತಿತ್ತು.

ಕೂಗಬೇಕೆಂದುಕೊಂಡೆ. ಬಾಯಿಂದ ಬಂದದ್ದು ‘ರೀ’ ಎನ್ನುವ ಒಂದೇ ಅಕ್ಷರ. ಕಾಫಿಗೆ ಕರೆಯುವ ಅದೇ ‘ರೀ’. ಅವರು ಮರವನ್ನು ನೋಡುವ ಬದಲು ತಿರುಗಿ ನನ್ನನ್ನು ನೋಡಿದರು. ಆ ಮುಖ ನನಗೆ ದಿನಾ ಕಾಣುತ್ತದೆ. ಅದರಲ್ಲಿ ಹೆದರಿಕೆ ಏನೂ ಇಲ್ಲ. ಏನು ಬೇಕು ಎಂದು ಕೇಳುವ ಮುಖ, ಅಷ್ಟೆ. ಅವರು ತಿರುಗದೇ ಇದ್ದಿದ್ದರೆ ಯಾವ ಕಡೆ ಹಾರುತ್ತಿದ್ದರು, ನಾನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಪಾತ್ರೆ ತೊಳೆಯುವಾಗೆಲ್ಲ ಲೆಕ್ಕ ಹಾಕುತ್ತೇನೆ. ಪಾತ್ರೆ ಮುಗಿಯುತ್ತದೆ, ಲೆಕ್ಕ ಮುಗಿಯುವುದಿಲ್ಲ.

ಉಂಡೆ ಗುಂಡಿಯ ಅಂಚಿಗೆ ಬಡಿದು ಕೂತಿತು. ಕಾಂಡ ವಾಲಿತು. ಆ ಸದ್ದು ಬಂತು. ಧೂಳು ಇಳಿದಾಗ ಮರ ಗುಂಡಿಯ ಮೇಲೆ ಸೇತುವೆಯಂತೆ ಅಡ್ಡ ಬಿದ್ದಿತ್ತು. ಕ್ರೇನಿನ ಕೊಕ್ಕೆಯಲ್ಲಿ, ಒಂದು ತುದಿ ಕಳಚಿದ ಬೆಲ್ಟಿಗೆ ಸಿಕ್ಕಿಕೊಂಡು, ಆಕಾಶ ಬಣ್ಣದ ಸೀರೆ ತೂಗುತ್ತಿತ್ತು. ನಮ್ಮ ಮನೆಯವರು ಇರಲಿಲ್ಲ.

ಆಪರೇಟರು ಲಿವರ್ ಮೇಲಿನ ಕೈ ತೆಗೆಯದೆ ಕಲ್ಲಾಗಿದ್ದ. ನಾನು ಓಡಲಿಲ್ಲ, ನಡೆದುಕೊಂಡು ಹೋದೆ. ಓಡಿದರೆ ಬೇಗ ತಲುಪಿಬಿಡುತ್ತೇನೆ ಎನ್ನಿಸಿತು. ಗುಂಡಿಯ ಹತ್ತಿರ ಬಂದಾಗ ಒಳಗಿಂದ, ಬಾಯಲ್ಲಿ ಮಣ್ಣು ತುಂಬಿದ ದನಿ ಬಂತು.

“ಮರ ಮುರೀತೇನೇ?”

“ಮರದ ಮನೆ ಹಾಳಾಗ,” ಎಂದೆ. ಆಮೇಲೆ ಅಲ್ಲೇ ಮಣ್ಣುಗುಡ್ಡೆಯ ಮೇಲೆ ಕೂತೆ.

ಅವರು ಗುಂಡಿಗೆ ಹಾರಿದ್ದೋ ಬಿದ್ದದ್ದೋ ಅವರಿಗೇ ಗೊತ್ತಿಲ್ಲ. ಮರ ಎರಡೂ ಅಂಚುಗಳ ಮೇಲೆ ತಂಗಿ, ಅವರು ಕೆಳಗೆ ಮುದುಡಿಕೊಂಡು ಉಳಿದಿದ್ದರು. ಭುಜ ತರಚಿತ್ತು, ಪಾದ ಉಳುಕಿತ್ತು, ಕಿವಿಯ ತುಂಬ ಮಣ್ಣು. ಆಳುಗಳು ಮೇಲೆ ಎಳೆದುಕೊಂಡಾಗ ಹಗ್ಗ ಇನ್ನೂ ಕೈಯಲ್ಲಿತ್ತು. ಬಿಡಿಸಿಕೊಳ್ಳಲು ಬೆರಳುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು. ಸೊಸೆಯರು ನೀರು ತಂದರು. ಅಜ್ಜಿ ಹತ್ತಿರ ಬಂದು, ತಟ್ಟೆಯಲ್ಲಿ ಉಳಿದಿದ್ದ ಅರಿಸಿನವನ್ನೆಲ್ಲ ಅವರ ಭುಜಕ್ಕೆ ಮೆತ್ತಿದರು.

ನಾನು ಕೊಟ್ಟಿಗೆಯ ಹಿಂದೆ ಹೋಗಿ ತುರುವೇಕೆರೆಯವರಿಗೆ ಫೋನ್ ಮಾಡಿದೆ. ಗಾಡಿ ಕೊಡುತ್ತೇವೆ, ನಾಳೆ ಬನ್ನಿ ಎಂದೆ. ಅವರು, ಎಲ್ಲ ಕ್ಷೇಮ ತಾನೇ ಎಂದು ಕೇಳಿದರು. ಕ್ಷೇಮ ಎಂದೆ. ಇನ್ನೊಬ್ಬರ ಲಾರಿ ಓಡಿಸಿದರೆ ಓಡಿಸಲಿ, ಮರದ ಕೆಳಗಂತೂ ನಿಲ್ಲುವುದಿಲ್ಲವಲ್ಲ ಎನ್ನುವುದೊಂದೇ ಆಗ ನನ್ನ ಬುದ್ಧಿಗೆ ಹೊಳೆದದ್ದು.

ವಾಪಸು ಬಂದು ನೋಡಿದರೆ ನಮ್ಮ ಮನೆಯವರು ಕುಂಟಿಕೊಂಡು ಮರದ ಬೇರಿಗೆ ಕೊಡದಲ್ಲಿ ನೀರು ಹಾಕುತ್ತಿದ್ದರು. ಸುಳಿ ಮುರಿದಿದೆಯಾ ನೋಡು ಎಂದರು. ತೆಂಗಿನ ಜೀವ ಇರುವುದು ನೆತ್ತಿಯ ಆ ಎಳೆ ಗರಿಯ ಸುಳಿಯಲ್ಲಿ. ಅದು ಮುರಿದರೆ ಮರ ಮುಗಿಯಿತು. ಬೇಡವೆಂದರೂ ನನ್ನ ಕೈ ಗರಿಗಳನ್ನು ಸರಿಸಿತು. ಕೆಳಗಿನ ನಾಲ್ಕಾರು ಗರಿ ಜಜ್ಜಿದ್ದವು, ಸುಳಿ ನೆಟ್ಟಗಿತ್ತು. ಮಣ್ಣಿನ ಉಂಡೆ ಮಾತ್ರ ಬಿರುಕು ಬಿಟ್ಟಿತ್ತು. ಇವತ್ತೇ ನೆಟ್ಟರೆ ಉಳಿಯುತ್ತದೆ, ನಾಳೆಗೆ ಹೇಳಲು ಬರುವುದಿಲ್ಲ ಎಂದೆ. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನ್ನಿಸಿತು.

ಅಜ್ಜಿ ಆಪರೇಟರನ ಹತ್ತಿರ ಹೋದರು. “ಆ ಸೀರೆ ತೆಗಿಯಪ್ಪ. ಉಡ್ಸಿದೋಳೂ ನಾನೇ, ತೆಗಿ ಅನ್ನೋಳೂ ನಾನೇ. ಬರೀ ಮೈಗೇ ಹಾಕು ನಿನ್ ಬೆಲ್ಟ.” ಆಮೇಲೆ ನನ್ನ ಕಡೆ ತಿರುಗಿ, “ಬೀಳ್ಕೊಟ್ಟ ಮಗಳು ಹೊಸ್ಲಲ್ಲೇ ಮಲಗವ್ಳೆ ಕಣವ್ವ. ಏನ್ಮಾಡ್ತೀಯ ಮಾಡು,” ಎಂದರು.

ಮಾಡಿದೆ. ಮೊದಲು ಎಲ್ಲರನ್ನೂ ಕೊಟ್ಟಿಗೆಯ ಆಚೆಗೆ ಅಟ್ಟಿದೆ. ಬಾವಿಯ ಹಗ್ಗ ತರಿಸಿ ಉಂಡೆಗೆ ಕಟ್ಟಿದ ಹಗ್ಗಕ್ಕೆ ಸೇರಿಸಿ, ಮರ ಯಾವ ಕಡೆ ಬಿದ್ದರೂ ತಾಕದಷ್ಟು ದೂರಕ್ಕೆ ಆಳುಗಳನ್ನು ನಿಲ್ಲಿಸಿದೆ. ನಮ್ಮ ಮನೆಯವರನ್ನು ಗಾಡಿಯೊಳಗೆ ಕೂರಿಸಿ ಬಾಗಿಲು ಹಾಕಿದೆ. ಎಲ್ಲರನ್ನೂ ಗದರುತ್ತಿದ್ದೆನಂತೆ. ನನಗೆ ನೆನಪಿಲ್ಲ. ಒಂದು ವರ್ಷದ ಶಾಲೆಯ ದನಿ ಎಲ್ಲಿತ್ತೋ ಬಂದಿತು ಎಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಬರೀ ಕಾಂಡಕ್ಕೆ ಬೆಲ್ಟು ಗಪ್ಪನೆ ಕಚ್ಚಿತು. ಮರ ಎದ್ದು, ತಿರುಗಿ, ಗಾಡಿಯ ಮೇಲೆ ಮಲಗಿತು.

ಮಡಿಲಕ್ಕಿಯ ಗಂಟು ಮಣ್ಣಿನಲ್ಲಿ ಬಿದ್ದಿತ್ತು. ಅದನ್ನು ಏನು ಮಾಡುವುದು ಎನ್ನುವುದಕ್ಕೆ ಅಜ್ಜಿಯೇ ದಾರಿ ಕಂಡುಹಿಡಿದರು. “ಅವಳ ಪಾಲಿಂದು ನೀನು ಇಸ್ಕ. ಸೆರಗೊಡ್ಡು.”

ನಾನು ಹಾಕಿದ್ದು ಚೂಡಿದಾರ್. ಸೆರಗು ಎಲ್ಲಿಂದ ತರಲಿ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಸೆಯರಿಗೆ ಕಣ್ಣು ಮಾಡಿದರು. ಎರಡು ನಿಮಿಷದಲ್ಲಿ ಆಕಾಶ ಬಣ್ಣದ ಸೀರೆಯನ್ನು ಚೂಡಿದಾರಿನ ಮೇಲೇ ನನಗೆ ಸುತ್ತಿದರು. ಬೆಲ್ಟಿನ ಕಪ್ಪು ಗೀರು ಎದೆಯ ಮೇಲೆ ಅಡ್ಡಡ್ಡ ಬಂದಿತು. ಹೊಸ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ನನ್ನ ಮಡಿಲಿಗೆ ಬಿದ್ದವು. ಆಗ ಮಾತ್ರ ಅಜ್ಜಿ ಅತ್ತರು. ನಾನೂ ಅತ್ತೆ. ಯಾರಿಗಾಗಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಪಾದ ಊದಿದ್ದರಿಂದ ನಮ್ಮ ಮನೆಯವರಿಗೆ ಗಾಡಿ ಓಡಿಸಲು ಆಗಲಿಲ್ಲ. ಅಜ್ಜಿಯ ದೊಡ್ಡ ಮಗನೇ ಓಡಿಸಿದರು. ನಾನು ನಡುವೆ, ಮಡಿಲಲ್ಲಿ ಅಕ್ಕಿ, ಪಕ್ಕದಲ್ಲಿ ಅರಿಸಿನ ಬಳಿದುಕೊಂಡ ಗಂಡ, ಹಿಂದೆ ಮರ. ತಿಪಟೂರಿನ ಬಸ್ ಸ್ಟ್ಯಾಂಡ್ ಮುಂದೆ ಟ್ರಾಫಿಕ್ ನಿಂತಾಗ ಜನ ಬಗ್ಗಿ ಬಗ್ಗಿ ನೋಡಿದರು. ಎರಡನೇ ಮದುವೆ ಅಂದ್ಕಂಡಿರ್ತಾರೆ ಎಂದರು ನಮ್ಮ ಮನೆಯವರು, ನೋವಿನಲ್ಲೂ. ಕತ್ತಲಾಗುವುದರೊಳಗೆ ಮರ ಕಲ್ಯಾಣ ಮಂಟಪದ ಮುಂದೆ ನಿಂತಿತು.

ಮಾರನೇ ಬೆಳಗ್ಗೆ ತುರುವೇಕೆರೆಯವರು ಬಂದರು. ನಮ್ಮ ಮನೆಯವರಿಗೆ ನಾನು ಫೋನ್ ಮಾಡಿದ್ದೇ ಗೊತ್ತಿರಲಿಲ್ಲ. ಒಳಗೆ ಕಾಲಿಗೆ ಬಿಸಿ ಶಾಖ ಕೊಟ್ಟುಕೊಂಡು ಮಲಗಿದ್ದರು. ನಾನು ಕಾಫಿ ಕೊಟ್ಟು ಎದುರಿಗೆ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಯಾರಿಗಾದರೂ ಪೂರ್ತಿ ಹೇಳಿದ್ದು ಅದೇ ಮೊದಲು. ಹೇಳುತ್ತ ಹೇಳುತ್ತ, ಬೆಲ್ಟನ್ನು ಬರೀ ಕಾಂಡಕ್ಕೆ ಹಾಕಿಸಿದ್ದು, ಜನರನ್ನು ದೂರ ನಿಲ್ಲಿಸಿದ್ದು, ಮರ ಸಲೀಸಾಗಿ ಎದ್ದದ್ದು ಬಂದಾಗ ನನ್ನ ದನಿ ಗಟ್ಟಿಯಾಗುತ್ತ ಹೋಯಿತು. ಅವರಿಗೂ ಅದು ಕೇಳಿಸಿರಬೇಕು.

“ಹಂಗಾರೆ ಗಾಡಿ ಕೊಡಲ್ಲ ಅನ್ನವ್ವ,” ಎಂದರು.

“ಹೆದರಿಕೆ ಇನ್ನೂ ಇದೆ ಕಣಣ್ಣ,” ಎಂದೆ. “ಹೋಗುತ್ತೆ ಅಂತ್ಲೂ ಅನ್ಸಲ್ಲ. ಗಾಡಿ ಮಾತ್ರ ಕೊಡಲ್ಲ.”

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ತಮ್ಮ ಮನೆಯ ಹಿಂದೆಯೂ ಒಂದು ಮರ ಇದೆಯೆಂದೂ, ತಮ್ಮನಿಗೆ ಮನೆ ಕಟ್ಟಲು ಅದು ಅಡ್ಡವಾಗಿದೆಯೆಂದೂ, ಮೂರು ವರ್ಷದಿಂದ ಗೋಡೆ ಎಬ್ಬಿಸಲಾಗದೆ ಕೂತಿದ್ದೇವೆಂದೂ ಹೇಳಿದರು. ಬಂದು ನೋಡುತ್ತೀರಾ ಎಂದು ಕೇಳಿದರು.

ನಮ್ಮ ಮನೆಯವರು ಒಳಗಿಂದಲೇ, ಎಷ್ಟು ಎತ್ತರದ್ದು ಎಂದು ಕೂಗಿದರು. ನೀವು ಮಲಗಿ ಎಂದು ನಾನು ಬಾಗಿಲು ಎಳೆದೆ. ಆಮೇಲೆ ತುರುವೇಕೆರೆಯವರ ಮುಂದೆ ಕೂತು, ಮರದ ಸುತ್ತ ಎಷ್ಟು ಬಯಲಿದೆ, ಮನುಷ್ಯರು ಎಷ್ಟು ದೂರ ಹೋಗಿ ನಿಲ್ಲಬಹುದು, ಮನೆಯ ಹೆಂಗಸರು ಏನೇನು ಶಾಸ್ತ್ರ ಮಾಡುವವರು ಎಂದು ಒಂದೊಂದಾಗಿ ಕೇಳತೊಡಗಿದೆ.